ಗೆಟಿಸ್‌ಬರ್ಗ್ ದೊಡ್ಡ ಕಾಳಗ, ಸರಿ. ಆದರೆ ಯುದ್ಧ ತೀರ್ಮಾನವಾಗಿದ್ದು ಅಲ್ಲೇನಾ?

ನಕಾಶೆಪ್ರಿಯ:
ಅಮೆರಿಕದ ಅಂತರ್ಯುದ್ಧ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಗೆಟಿಸ್‌ಬರ್ಗ್. ಪೆನ್ಸಿಲ್ವೇನಿಯಾದ ಸಣ್ಣ ಊರು. 1863ರ ಜುಲೈ 1ರಿಂದ 3ರವರೆಗೆ ಮೂರು ದಿನ ಕಾದಾಟ. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸುಮಾರು 50,000. ಯುದ್ಧದ ದಿಕ್ಕು ತಿರುಗಿದ್ದೇ ಅಲ್ಲಿ ಎಂದು ನಾವೆಲ್ಲ ಓದಿದ್ದೇವೆ. ನಾನು ಇದನ್ನು ಒಪ್ಪುವುದಿಲ್ಲ.

ಗೆಟಿಸ್‌ಬರ್ಗ್ ಮುಗಿದ ಮರುದಿನ, ಅಂದರೆ ಜುಲೈ 4ಕ್ಕೆ, ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಶರಣಾಯಿತು. ಒಕ್ಕೂಟದಿಂದ ಬೇರೆಯಾಗಲು ಹೊರಟ, ಗುಲಾಮಗಿರಿಯಿದ್ದ ದಕ್ಷಿಣ ರಾಜ್ಯಗಳವರ ಸೊಂಟ ಮುರಿದದ್ದು ಅಲ್ಲಿ.

ನಕಾಶೆ ತೆಗೆದು ನೋಡಿ. ನದಿ ಒಂದು ದೊಡ್ಡ ತಿರುವು ತೆಗೆದುಕೊಳ್ಳುವ ಜಾಗದಲ್ಲಿ, ಎತ್ತರದ ದಿಬ್ಬದ ಮೇಲೆ ಊರಿದೆ. ಮೇಲೆ ಫಿರಂಗಿಗಳು, ಕೆಳಗೆ ನೀರು, ಸುತ್ತ ಜೌಗು. ಒಕ್ಕೂಟ ಉಳಿಸಲು ಹೊರಟ ಉತ್ತರದವರ ಜನರಲ್ ಗ್ರಾಂಟ್ ಚಳಿಗಾಲವೆಲ್ಲ ಕಾಲುವೆ ತೋಡಿಸಿದ, ಹಳ್ಳಕೊಳ್ಳಗಳಲ್ಲಿ ದೋಣಿ ನುಗ್ಗಿಸಿದ. ಒಂದೂ ಫಲಿಸಲಿಲ್ಲ. ಕೊನೆಗೆ ಏಪ್ರಿಲ್ 16ರ ರಾತ್ರಿ ಅಡ್ಮಿರಲ್ ಪೋರ್ಟರ್ ತನ್ನ ಹಡಗುಗಳನ್ನು ಆ ಫಿರಂಗಿಗಳ ಎದುರೇ ದಾಟಿಸಿದ. ಸೈನ್ಯ ಪಶ್ಚಿಮ ದಂಡೆಯಲ್ಲಿ ನಡೆದು ಕೆಳಗಿಳಿಯಿತು. ಏಪ್ರಿಲ್ 30ಕ್ಕೆ ಬ್ರೂಯಿನ್ಸ್‌ಬರ್ಗ್ ಎಂಬಲ್ಲಿ ನದಿ ದಾಟಿತು.

ಆಮೇಲೆ ಗ್ರಾಂಟ್ ಮಾಡಿದ್ದು ನನಗೆ ಇಡೀ ಯುದ್ಧದಲ್ಲೇ ಅತಿ ದಿಟ್ಟ ಕೆಲಸ. ನೇರ ವಿಕ್ಸ್‌ಬರ್ಗ್‌ಗೆ ಹೋಗಲಿಲ್ಲ. ಒಳನಾಡಿಗೆ ತಿರುಗಿ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್ ಹಿಡಿದ, ರೈಲು ಹಳಿ ಕಿತ್ತ, ಆಮೇಲೆ ಪಶ್ಚಿಮಕ್ಕೆ ತಿರುಗಿದ. ಪೋರ್ಟ್ ಗಿಬ್ಸನ್, ರೇಮಂಡ್, ಜಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್ ನದಿ: ಮೇ 1ರಿಂದ 17ರೊಳಗೆ ಐದು ಕಾಳಗ, ಐದರಲ್ಲೂ ಗೆಲುವು. ಮೇ 19 ಮತ್ತು 22ರಂದು ಕೋಟೆಯ ಮೇಲೆ ನೇರವಾಗಿ ನುಗ್ಗಿದ್ದು ಮಾತ್ರ ವಿಫಲವಾಯಿತು. ಆಗ ಮುತ್ತಿಗೆ ಹಾಕಿ ಕುಳಿತ. ಊರಿನ ಜನ ಗುಡ್ಡದ ಬದಿಯಲ್ಲಿ ಗವಿ ತೋಡಿಕೊಂಡು ಬದುಕಿದರು. ಹೇಸರಗತ್ತೆ ಮಾಂಸ ತಿಂದರು. ಕೊನೆಗೆ ದಕ್ಷಿಣದ ಜನರಲ್ ಪೆಂಬರ್ಟನ್ ಸುಮಾರು 29,500 ಸೈನಿಕರನ್ನೂ 172 ಫಿರಂಗಿಗಳನ್ನೂ ಒಪ್ಪಿಸಿದ. ಜುಲೈ 9ಕ್ಕೆ ಕೆಳಗಿನ ಪೋರ್ಟ್ ಹಡ್ಸನ್ ಕೂಡ ಬಿತ್ತು. ನದಿ ಪೂರ್ತಿ ಉತ್ತರದವರ ಕೈಗೆ ಬಂತು. ಟೆಕ್ಸಾಸ್, ಅರ್ಕನ್ಸಾ, ಲೂಸಿಯಾನಾದ ಬಹುಭಾಗ ಆಚೆ ಕಡೆ ಉಳಿದವು.

ಗೆಟಿಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಸೋತ, ಆದರೆ ತನ್ನ ಸೈನ್ಯ ಕರೆದುಕೊಂಡು ಮನೆಗೆ ಹೋದ. ವಿಕ್ಸ್‌ಬರ್ಗ್‌ನಲ್ಲಿ ಒಂದು ಸೈನ್ಯಕ್ಕೆ ಸೈನ್ಯವೇ ಇಲ್ಲವಾಯಿತು. ಯಾವುದು ನಿರ್ಣಾಯಕ, ನೀವೇ ಹೇಳಿ.

ಬಯಲುಸೀಮೆ:
ವಿಕ್ಸ್‌ಬರ್ಗ್‌ನ ಮಹತ್ವ ಯಾರೂ ಅಲ್ಲಗಳೆಯುವುದಿಲ್ಲ ಸರ್. ಆದರೆ ಒಂದು ಮಾತು ಬಿಟ್ಟಿದ್ದೀರಿ. ಯುದ್ಧ ನಿಲ್ಲಿಸುವ ಶಕ್ತಿ ಇದ್ದದ್ದು ವಾಷಿಂಗ್ಟನ್‌ನಲ್ಲಿ. ಅಲ್ಲಿನ ಜನರ ಧೈರ್ಯ ಕುಸಿದರೆ ಮಿಸಿಸಿಪ್ಪಿ ಗೆದ್ದು ಏನು ಮಾಡುವುದು?

1863ರ ಬೇಸಿಗೆಯಲ್ಲಿ ಉತ್ತರದ ಸ್ಥಿತಿ ನೆನಪಿಸಿಕೊಳ್ಳಿ. ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಭೀಕರ ಸೋಲು. ಮೇ ಆರಂಭದಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ಲೀ ತನ್ನ ಎರಡರಷ್ಟು ದೊಡ್ಡ ಸೈನ್ಯವನ್ನು ಸೋಲಿಸಿದ. ಹೇಗಾದರೂ ಸಂಧಿ ಮಾಡಿಕೊಳ್ಳೋಣ ಎನ್ನುವವರು ಉತ್ತರದಲ್ಲಿ ಜಾಸ್ತಿಯಾಗುತ್ತಿದ್ದರು. ಅಂಥ ಹೊತ್ತಲ್ಲಿ ಲೀ 70,000ಕ್ಕೂ ಹೆಚ್ಚು ಜನರೊಂದಿಗೆ ಪೆನ್ಸಿಲ್ವೇನಿಯಾಕ್ಕೇ ನುಗ್ಗಿದ. ಉತ್ತರದ ಸೇನಾಪತಿ ಹೂಕರ್ ರಾಜೀನಾಮೆ ಕೊಟ್ಟ. ಜೂನ್ 28ಕ್ಕೆ ಜಾರ್ಜ್ ಮೀಡ್ ಅಧಿಕಾರ ವಹಿಸಿಕೊಂಡ. ಮೂರೇ ದಿನಕ್ಕೆ ಕಾಳಗ ಶುರು!

ಅಲ್ಲಿ ಮೀಡ್ ಸೋತಿದ್ದರೆ ಹ್ಯಾರಿಸ್‌ಬರ್ಗ್, ಬಾಲ್ಟಿಮೋರ್, ಫಿಲಡೆಲ್ಫಿಯಾ ಎಲ್ಲವೂ ನಡುಗುತ್ತಿದ್ದವು. ಸೋಲದೆ ಇದ್ದದ್ದರಿಂದ ಏನಾಯಿತು? ಲೀಯ ಸೈನ್ಯದ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಅವನ ಜನರಲ್‌ಗಳಲ್ಲೂ ಸುಮಾರು ಮೂರನೇ ಒಂದು ಭಾಗ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಆಮೇಲೆ ಲೀ ತನ್ನ ಇಡೀ ಸೈನ್ಯದೊಂದಿಗೆ ಉತ್ತರಕ್ಕೆ ಕಾಲಿಡಲೇ ಇಲ್ಲ. ಊರು ಹಿಡಿಯುವುದು ಬೇರೆ, ಎದುರಾಳಿಯ ಅತ್ಯುತ್ತಮ ಸೈನ್ಯದ ಹಲ್ಲು ಕೀಳುವುದು ಬೇರೆ.

ಪೊಟೋಮ್ಯಾಕ್‌ದಂಡೆ:
ನಾನು ಮೇರಿಲ್ಯಾಂಡ್‌ನಲ್ಲಿದ್ದೇನೆ. ಊರಿಂದ ಯಾರು ಬಂದರೂ ಗೆಟಿಸ್‌ಬರ್ಗ್ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಆ ಜಾಗದ ಬಗ್ಗೆ ನಾಲ್ಕು ಮಾತು, ಯಾಕೆಂದರೆ ನೆಲ ನೋಡದೆ ಈ ಕಾಳಗ ಅರ್ಥವಾಗುವುದಿಲ್ಲ.

ಮೊದಲ ದಿನ ಊರಿನ ಪಶ್ಚಿಮಕ್ಕೆ ಉತ್ತರದ ಬ್ಯೂಫೋರ್ಡ್‌ನ ಸವಾರರು ಕುದುರೆ ಇಳಿದು, ಬಂದೂಕು ಹಿಡಿದು, ದಕ್ಷಿಣದ ಕಾಲಾಳುಗಳನ್ನು ಗಂಟೆಗಟ್ಟಲೆ ತಡೆದರು. ಸಹಾಯಕ್ಕೆ ಬಂದ ಜನರಲ್ ರೇನಾಲ್ಡ್ಸ್ ಗುಂಡು ತಗುಲಿ ಅಲ್ಲೇ ಸತ್ತ. ಮಧ್ಯಾಹ್ನದ ಮೇಲೆ ಉತ್ತರದವರು ಸೋತು ಊರೊಳಗಿನ ಬೀದಿಗಳಲ್ಲೇ ಓಡಿ ಊರಿನ ದಕ್ಷಿಣ ದಿಕ್ಕಿನ ಗುಡ್ಡ ಸೇರಿಕೊಂಡರು. ಅದೇ ಸೆಮೆಟರಿ ಹಿಲ್. ಆ ಸೋಲಿನಿಂದಲೇ ಅವರಿಗೆ ಒಳ್ಳೆಯ ಜಾಗ ಸಿಕ್ಕಿತು. ಸಾಧ್ಯವಾದರೆ ಆ ಗುಡ್ಡ ಹಿಡಿ ಎಂದು ಲೀ ತನ್ನ ಜನರಲ್ ಯೂವೆಲ್‌ಗೆ ಹೇಳಿ ಕಳಿಸಿದ. ಯೂವೆಲ್ ಹಿಡಿಯಲಿಲ್ಲ. ಆ ಸಂಜೆಯ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ.

ಉತ್ತರದವರ ಸಾಲು ಮೀನಿನ ಗಾಳದ ಆಕಾರದಲ್ಲಿತ್ತು. ಒಳಗಿದ್ದವರಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಜನ ಕಳಿಸುವುದು ಸುಲಭ. ಹೊರಗೆ ಸುತ್ತುವರಿದ ಲೀಗೆ ಅದೇ ಕೆಲಸಕ್ಕೆ ಮೈಲಿಗಟ್ಟಲೆ ಸುತ್ತು. ಅವನ ಕಣ್ಣು, ಕಿವಿ ಆಗಿದ್ದ ಸವಾರರ ದಂಡನಾಯಕ ಸ್ಟುವರ್ಟ್ ಎರಡನೇ ದಿನ ಮಧ್ಯಾಹ್ನದವರೆಗೂ ಪತ್ತೆಯಿಲ್ಲ.

ಎರಡನೇ ದಿನದ ಕಥೆಯಲ್ಲಿ ಎಲ್ಲರೂ ಲಿಟ್ಲ್ ರೌಂಡ್ ಟಾಪ್ ಮೇಲಿನ ಚೇಂಬರ್ಲೇನ್ ಮತ್ತು ಮೇನ್ ರಾಜ್ಯದ 20ನೇ ರೆಜಿಮೆಂಟಿನ ಬಯೊನೆಟ್ ದಾಳಿಯನ್ನೇ ಹೇಳುತ್ತಾರೆ. ಅವರು ಹೊಗಳಿಕೆಗೆ ಅರ್ಹರು. ಆದರೆ ಆ ಗುಡ್ಡ ಖಾಲಿ ಇದೆ ಎಂದು ಮೊದಲು ಗಮನಿಸಿದವನು ಇಂಜಿನಿಯರ್ ವಾರೆನ್. ಮೇಲಿನವರ ಅಪ್ಪಣೆಗೆ ಕಾಯದೆ ತನ್ನ ಬ್ರಿಗೇಡ್ ಓಡಿಸಿ ತಂದು, ಅಲ್ಲೇ ಗುಂಡು ತಿಂದು, ಕೆಲವು ದಿನಗಳಲ್ಲಿ ಸತ್ತವನು ವಿನ್ಸೆಂಟ್. ಇನ್ನೊಂದು ತುದಿಯ ಕಲ್ಪ್ಸ್ ಹಿಲ್‌ನಲ್ಲಿ ಆ ರಾತ್ರಿ ಮುದುಕ ಗ್ರೀನ್ ಒಂದೇ ಬ್ರಿಗೇಡ್ ಇಟ್ಟುಕೊಂಡು ಹಲವು ಬ್ರಿಗೇಡ್ ಇರುವ ಇಡೀ ಡಿವಿಷನ್ ತಡೆದ. ಇವರನ್ನು ಕೇಳುವವರೇ ಇಲ್ಲ.

ಮೂರನೇ ದಿನ ದಕ್ಷಿಣದ ಜನರಲ್ ಪಿಕೆಟ್‌ನ ದಾಳಿ. ಸೆಮಿನರಿ ರಿಜ್‌ನಿಂದ ಸೆಮೆಟರಿ ರಿಜ್‌ವರೆಗೆ ಹತ್ತಿರ ಹತ್ತಿರ ಒಂದು ಮೈಲಿ ಬಟಾಬಯಲು. ನಡುವೆ ರಸ್ತೆ, ರಸ್ತೆಯ ಇಕ್ಕೆಲದಲ್ಲೂ ಗಟ್ಟಿ ಮರದ ಬೇಲಿ. ಆ ಬೇಲಿ ಹತ್ತಿ ಇಳಿಯುವಾಗಲೇ ನೂರಾರು ಜನ ಬಿದ್ದರು. ಮೊದಲು ಸುಮಾರು 150 ಫಿರಂಗಿಗಳಿಂದ ಗುಂಡಿನ ಮಳೆ. ಹೊಗೆಯಲ್ಲಿ ಗುರಿ ಕಾಣದೆ ಬಹಳಷ್ಟು ಗುಂಡು ಸಾಲು ದಾಟಿ ಹಿಂದೆ ಬಿದ್ದವು. ಆಮೇಲೆ ಸುಮಾರು 12,500 ಜನ ನಡೆದು ಬಂದರು. ಕಲ್ಲುಗೋಡೆ ದಾಟಿದವರು ಕೆಲವೇ ನೂರು. ಟೋಪಿಯನ್ನು ಕತ್ತಿಯ ತುದಿಗೆ ಸಿಕ್ಕಿಸಿ ಮುಂದೆ ನಡೆದ ಆರ್ಮಿಸ್ಟೆಡ್ ಗೋಡೆಯಾಚೆ ಬಿದ್ದ. ಹೊರಟವರಲ್ಲಿ ಅರ್ಧದಷ್ಟು ಜನ ಸುರಕ್ಷಿತವಾಗಿ ವಾಪಸ್ ಬರಲಿಲ್ಲ. ಎಲ್ಲ ನನ್ನದೇ ತಪ್ಪು ಎಂದು ಲೀ ಹಿಂದಿರುಗಿದವರಿಗೆ ಹೇಳಿದ.

ಈಗ ವಿಷಯಕ್ಕೆ ಬರುತ್ತೇನೆ. ಆ ಗೋಡೆ ಒಡೆದಿದ್ದರೂ ಲೀ ಗೆಲ್ಲುತ್ತಿದ್ದನಾ? ನನಗೆ ಅನುಮಾನ. ಮೀಡ್ ಹತ್ತಿರ ಆರನೇ ಕೋರ್ ಎಂಬ ಪಡೆ ಇತ್ತು. ಅವನ ಸೈನ್ಯದಲ್ಲೇ ದೊಡ್ಡದು, ಹೆಚ್ಚಿನ ಭಾಗ ಇನ್ನೂ ಕಾದಾಡಿಯೇ ಇರಲಿಲ್ಲ. ಅರ್ಧ ಜನ ಕಳೆದುಕೊಂಡು ದಣಿದ ಸಾಲು ಅದನ್ನು ಎದುರಿಸಬೇಕಿತ್ತು. ಹಾಗಾಗಿ ಬಯಲುಸೀಮೆಯವರೇ, "ಸೋತಿದ್ದರೆ ಎಲ್ಲ ಮುಗಿಯುತ್ತಿತ್ತು" ಎನ್ನುವುದು ಸ್ವಲ್ಪ ಜಾಸ್ತಿಯಾಯಿತು.

ಅರಳಿಕಟ್ಟೆ:
ನೀವೆಲ್ಲ 1863ಕ್ಕೇ ಅಂಟಿಕೊಂಡಿದ್ದೀರಿ. ನನ್ನ ಪ್ರಕಾರ ನಿರ್ಣಾಯಕ ದಿನ 1862ರ ಸೆಪ್ಟೆಂಬರ್ 17. ಮೇರಿಲ್ಯಾಂಡ್‌ನ ಆಂಟೀಟಮ್ ಹಳ್ಳದ ಪಕ್ಕ ಒಂದೇ ದಿನದಲ್ಲಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಅಮೆರಿಕದ ಇತಿಹಾಸದಲ್ಲೇ ಅತ್ಯಂತ ರಕ್ತಮಯ ದಿನ ಅದು. ಕಾಳಗದ ದೃಷ್ಟಿಯಿಂದ ಅದು ಸಮ ಸಮ. ಉತ್ತರದ ಸೇನಾಪತಿ ಮ್ಯಾಕ್ಲೆಲನ್ ಕೈಗೆ ಲೀಯ ಗುಪ್ತ ಆಜ್ಞೆಯ ಪ್ರತಿಯೇ ಸಿಕ್ಕಿತ್ತು, ಮೂರು ಸಿಗಾರ್‌ಗಳಿಗೆ ಸುತ್ತಿದ ಕಾಗದ! ಆದರೂ ಅವನು ನಿಧಾನ ಮಾಡಿದ, ಲೀ ತಪ್ಪಿಸಿಕೊಂಡ.

ಆದರೆ ಲೀ ಹಿಂದೆ ಸರಿದನಲ್ಲ, ಲಿಂಕನ್‌ಗೆ ಅಷ್ಟೇ ಬೇಕಿತ್ತು. ಗುಲಾಮರ ಬಿಡುಗಡೆಯ ಘೋಷಣೆ ಜುಲೈನಿಂದಲೇ ಅವನ ಮೇಜಿನಲ್ಲಿತ್ತು. ಸೋಲಿನ ಬೆನ್ನಿಗೇ ಹೊರಡಿಸಿದರೆ ದಿಕ್ಕೆಟ್ಟವರ ಕೂಗಿನಂತೆ ಕೇಳುತ್ತದೆ, ಒಂದು ಗೆಲುವು ಬರಲಿ ಎಂದು ವಿದೇಶಾಂಗ ಮಂತ್ರಿ ಸೀವರ್ಡ್ ತಡೆದಿದ್ದ. ಆಂಟೀಟಮ್ ಆದ ಐದನೇ ದಿನ, ಸೆಪ್ಟೆಂಬರ್ 22ಕ್ಕೆ, ಲಿಂಕನ್ ಅದನ್ನು ಪ್ರಕಟಿಸಿದ. 1863ರ ಜನವರಿ 1ರಿಂದ ಜಾರಿ.

ಅಲ್ಲಿಗೆ ಯುದ್ಧದ ಅರ್ಥವೇ ಬದಲಾಯಿತು. ಬರೀ ಒಕ್ಕೂಟ ಉಳಿಸುವ ಜಗಳವಾಗಿದ್ದದ್ದು ಗುಲಾಮಗಿರಿ ಕೊನೆಗಾಣಿಸುವ ಯುದ್ಧವಾಯಿತು. ಬ್ರಿಟನ್ ಮಧ್ಯಸ್ಥಿಕೆ ವಹಿಸಿ ದಕ್ಷಿಣಕ್ಕೆ ಮಾನ್ಯತೆ ಕೊಡುವ ಯೋಚನೆಯಲ್ಲಿತ್ತು. ಆ ಚಳಿಗಾಲದೊಳಗೆ ಅದನ್ನು ಕೈಬಿಟ್ಟಿತು. ಇಂಥ ಫಲ ಗೆಟಿಸ್‌ಬರ್ಗ್‌ಗೂ ಇಲ್ಲ, ವಿಕ್ಸ್‌ಬರ್ಗ್‌ಗೂ ಇಲ್ಲ.

ಶಾಲ್ಮಲಾ:
ಧಾರವಾಡದಾಕಿ ನಾನು. ಬ್ರಿಟನ್ ಮಾತು ಬಂತಲ್ಲ, ಅದಕ್ಕೆ ಹತ್ತಿಯ ಮಾತು ಸೇರಿಸಲೇಬೇಕು ನೋಡ್ರಿ. ನಮ್ಮ ಕಡೆಯವರಿಗೆ ಈ ಯುದ್ಧ ದೂರದ್ದಾಗಿರಲಿಲ್ಲ.

ಯುದ್ಧಕ್ಕೆ ಮುಂಚೆ ಲ್ಯಾಂಕಾಶೈರ್ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ ದಕ್ಷಿಣದಿಂದ ಬರುತ್ತಿತ್ತು. ಹತ್ತಿ ತಡೆದರೆ ಬ್ರಿಟನ್ ತಾನಾಗಿಯೇ ನಮ್ಮ ಸಹಾಯಕ್ಕೆ ಬರುತ್ತದೆ ಎಂದು ದಕ್ಷಿಣದವರು 1861ರಲ್ಲಿ ರಫ್ತನ್ನು ತಾವೇ ನಿಲ್ಲಿಸಿದರು. ಆಮೇಲೆ ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿತು. ಗಿರಣಿಗಳು ನಿಂತವು, ಕೂಲಿಕಾರರು ಹಸಿದರು. ಆದರೆ ಬ್ರಿಟನ್ ಹಡಗು ಕಳಿಸಲಿಲ್ಲ. ಬೇರೆ ಕಡೆ ಹತ್ತಿ ಹುಡುಕಿತು. ಈಜಿಪ್ಟ್ ಒಂದು, ನಮ್ಮ ಮುಂಬೈ ಪ್ರಾಂತ ಇನ್ನೊಂದು.

ಧಾರವಾಡದ ಎರಿ ಹೊಲಗಳಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿ ತಳಿ ಬೆಳೆಯುತ್ತಿದ್ದರು. ಕಂಪನಿ ಸರ್ಕಾರ ಅದಕ್ಕೆಂದೇ ಅಮೆರಿಕದಿಂದ ತೋಟಗಾರರನ್ನು ಕರೆಸಿತ್ತು. ಹಿಂದುಸ್ತಾನದಲ್ಲಿ ಹೆಚ್ಚು ಕಡೆ ಆ ಪ್ರಯೋಗ ಸೋತಿತು, ನಮ್ಮಲ್ಲಿ ನೆಲೆ ನಿಂತಿತು. ಯುದ್ಧ ಶುರುವಾದಾಗ ಬೆಲೆ ಕಂಡಾಪಟ್ಟೆ ಏರಿತು. ಅರಳೆ ಹೊತ್ತ ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಈ ಹತ್ತಿ ಸಾಗಿಸಲಿಕ್ಕೆ ಕಾರವಾರ ಬಂದರು ಬೇಕು ಅಂತ ಒತ್ತಡ ಬಂತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಲೆಕ್ಕವೂ ಇತ್ತು.

ನನ್ನ ಪ್ರಶ್ನೆ ಇಷ್ಟೇ. 1863ರ ಜುಲೈನಲ್ಲಿ ಯುದ್ಧ ತೀರ್ಮಾನವಾಗಿದ್ದರೆ ಹತ್ತಿಯ ಬೆಲೆ ಆಗಲೇ ಇಳಿಯಬೇಕಿತ್ತಲ್ಲ? ಇಳಿಯಲಿಲ್ಲ. ಲಿವರ್‌ಪೂಲ್‌ನಲ್ಲಿ ಬೆಲೆ ತುದಿಗೆ ಹೋದದ್ದೇ 1864ರಲ್ಲಿ. ಕುಸಿದದ್ದು 1865ರಲ್ಲಿ, ಲೀ ಶರಣಾದ ಸುದ್ದಿ ಬಂದ ಮೇಲೆ. ಆಗ ಮುಂಬೈಯ ಶೇರು ಪೇಟೆ ನೆಲಕಚ್ಚಿತು. ಪ್ರೇಮಚಂದ್ ರಾಯಚಂದ್‌ನಂಥ ದೊಡ್ಡ ಕುಳ ದಿವಾಳಿ ಎದ್ದ. ದುಡ್ಡು ಹಾಕಿದವರು ಯಾರೂ ಗೆಟಿಸ್‌ಬರ್ಗ್ ಆಯಿತು, ಯುದ್ಧ ಮುಗಿಯಿತು ಅಂತ ಎಣಿಸಲಿಲ್ಲ.

ನಕಾಶೆಪ್ರಿಯ:
ಶಾಲ್ಮಲಾ ಮೇಡಂ, ಕುಮಟಾ, ಕಾರವಾರದ ವಿಷಯ ಬರೆದದ್ದು ಬಹಳ ಖುಷಿಯಾಯಿತು. ಆದರೆ ಹತ್ತಿಯ ಬೆಲೆ ಯುದ್ಧದ ಭವಿಷ್ಯ ಹೇಳುವುದಿಲ್ಲ. ಅದು ಬಂದರು ಮುಚ್ಚಿದೆಯಾ, ತೆರೆದಿದೆಯಾ ಅನ್ನುವುದನ್ನಷ್ಟೇ ಹೇಳುತ್ತದೆ. ಸೋಲು ಖಚಿತವಾದ ಮೇಲೂ ಬಂದರು ಎರಡು ವರ್ಷ ಮುಚ್ಚಿರಬಹುದು, ಅಲ್ವಾ?

ಬೇರೆ ಅಳತೆ ನೋಡಿ. 1863ರ ಮಾರ್ಚ್‌ನಲ್ಲಿ ದಕ್ಷಿಣದ ಸರ್ಕಾರ ಪ್ಯಾರಿಸ್‌ನ ಎರ್ಲಾಂಗರ್ ಬ್ಯಾಂಕಿನ ಮೂಲಕ ಸಾಲಪತ್ರ ಬಿಟ್ಟಿತು. ಆಧಾರ ಹತ್ತಿಯೇ. ದಕ್ಷಿಣ ಉಳಿದರೆ ಮಾತ್ರ ಆ ಕಾಗದಕ್ಕೆ ಬೆಲೆ. ಜುಲೈನ ಎರಡು ಸೋಲುಗಳ ಸುದ್ದಿ ಲಂಡನ್ ತಲುಪಿದಾಗ ಅದು ಜೋರಾಗಿ ಬಿತ್ತು. ಅಲ್ಲಿನ ಹಣವಂತರಿಗೆ ಆಗಲೇ ವಾಸನೆ ಬಡಿದಿತ್ತು.

ಶಾಲ್ಮಲಾ:
ಬಿತ್ತು ಖರೆ. ಆದರೆ 1864ರ ಬೇಸಿಗೆಯಲ್ಲಿ ಗ್ರಾಂಟ್ ವರ್ಜೀನಿಯಾದಲ್ಲಿ ಸಿಕ್ಕಿಬಿದ್ದಾಗ ಅದೇ ಕಾಗದ ಮತ್ತೆ ಚೇತರಿಸಿಕೊಂಡಿತಲ್ಲ? ತೀರ್ಮಾನವಾದ ಯುದ್ಧದ ಕಾಗದ ಯಾರು ಕೊಳ್ಳುತ್ತಾರೆ?

ಮತಪೆಟ್ಟಿಗೆ:
ಇದನ್ನೇ ಹೇಳಬೇಕು ಅಂತಿದ್ದೆ. 1864ರ ಮೇ-ಜೂನ್‌ನಲ್ಲಿ ಗ್ರಾಂಟ್ ವರ್ಜೀನಿಯಾದಲ್ಲಿ ಕಳೆದುಕೊಂಡದ್ದು ಸುಮಾರು 55,000 ಜನ. ಉತ್ತರದ ಮನೆಮನೆಯಲ್ಲೂ ದುಃಖ. ನವೆಂಬರ್‌ನಲ್ಲಿ ಚುನಾವಣೆ. ಆಗಸ್ಟ್ 23ಕ್ಕೆ ಲಿಂಕನ್ ಒಂದು ಚೀಟಿ ಬರೆದ: ಈ ಸರ್ಕಾರ ಮತ್ತೆ ಆರಿಸಿಬರುವುದು ಬಹುಮಟ್ಟಿಗೆ ಅಸಂಭವ ಎಂಬ ಅರ್ಥದ್ದು. ಅದನ್ನು ಮಡಚಿ, ಒಳಗೇನಿದೆ ಎಂದು ತೋರಿಸದೆ ಮಂತ್ರಿಗಳಿಂದ ಹಿಂಬದಿಗೆ ಸಹಿ ಹಾಕಿಸಿದ. ಗೆಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್ ಗೆದ್ದು ಒಂದು ವರ್ಷ ಕಳೆದ ಮೇಲೆ ಬರೆದ ಚೀಟಿ ಇದು!

ಎದುರಾಳಿ ಅದೇ ಮ್ಯಾಕ್ಲೆಲನ್. ಅವನ ಪಕ್ಷದ ಪ್ರಣಾಳಿಕೆ ಕದನ ನಿಲ್ಲಿಸಿ ಮಾತುಕತೆ ಮಾಡೋಣ ಎನ್ನುತ್ತಿತ್ತು. ಸೆಪ್ಟೆಂಬರ್ 2ಕ್ಕೆ ಉತ್ತರದ ಜನರಲ್ ಶೆರ್ಮನ್ ದಕ್ಷಿಣದ ದೊಡ್ಡ ಊರಾದ ಅಟ್ಲಾಂಟಾ ಹಿಡಿದ. ಗಾಳಿ ಒಂದೇ ವಾರದಲ್ಲಿ ತಿರುಗಿತು. ಲಿಂಕನ್ 212 ಎಲೆಕ್ಟೋರಲ್ ಮತ ಪಡೆದ, ಮ್ಯಾಕ್ಲೆಲನ್‌ಗೆ ಬಂದದ್ದು 21. ನನ್ನ ಉತ್ತರ ಅಟ್ಲಾಂಟಾ. ಆಮೇಲೆ ದಕ್ಷಿಣಕ್ಕೆ ಗೆಲ್ಲುವ ಯಾವ ದಾರಿಯೂ ಉಳಿಯಲಿಲ್ಲ.

ಬಯಲುಸೀಮೆ:
ಅಟ್ಲಾಂಟಾ ವಾದ ಗಟ್ಟಿಯಾಗಿದೆ. ಆದರೆ 1864ರಲ್ಲಿ ಲೀ ವರ್ಜೀನಿಯಾದಲ್ಲೇ ಹಳ್ಳ ತೋಡಿ ಕುಳಿತದ್ದು ಯಾಕೆ? ಅಟ್ಲಾಂಟಾಕ್ಕೆ ಸಹಾಯ ಕಳಿಸಲು ಅವನಲ್ಲಿ ಜನ ಯಾಕೆ ಇರಲಿಲ್ಲ? ಗೆಟಿಸ್‌ಬರ್ಗ್‌ನಲ್ಲಿ ಕಳೆದುಕೊಂಡ ಅನುಭವಿ ಸೈನಿಕರು ಮತ್ತೆ ಹುಟ್ಟಿ ಬರಲಿಲ್ಲ. ಉತ್ತರದಲ್ಲಿ 2.2 ಕೋಟಿ ಜನ. ದಕ್ಷಿಣದಲ್ಲಿ 90 ಲಕ್ಷ, ಅದರಲ್ಲಿ 35 ಲಕ್ಷ ಗುಲಾಮರು. ಹೋದವರ ಜಾಗ ತುಂಬುವ ಶಕ್ತಿ ಒಂದು ಕಡೆಗೆ ಮಾತ್ರ ಇತ್ತು.

ಸುಗ್ಗಿ:
ಆ 35 ಲಕ್ಷವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿರಿ. ಈ ಚರ್ಚೆಯಲ್ಲಿ ಜನರಲ್‌ಗಳು ಬಂದರು, ಬೇಲಿ ಬಂತು, ಹತ್ತಿ ಬಂತು. ಹತ್ತಿ ಬಿಡಿಸಿದವರು ಬರಲಿಲ್ಲ.

ಗೆಟಿಸ್‌ಬರ್ಗ್‌ಗೆ ಹೋಗುವ ದಾರಿಯಲ್ಲಿ ಲೀಯ ಸೈನ್ಯ ಏನು ಮಾಡಿತು ಗೊತ್ತಾ? ಪೆನ್ಸಿಲ್ವೇನಿಯಾದ ಊರುಗಳಲ್ಲಿ ಕರಿಯ ಜನರನ್ನು ಹಿಡಿದು ದಕ್ಷಿಣಕ್ಕೆ ಸಾಗಿಸಿತು. ಗುಲಾಮಗಿರಿಯಿಂದ ಓಡಿಬಂದವರು ಮಾತ್ರ ಅಲ್ಲ, ಹುಟ್ಟಿನಿಂದಲೇ ಸ್ವತಂತ್ರರಾಗಿದ್ದವರೂ ಅದರಲ್ಲಿದ್ದರು. ಹೆಂಗಸರು, ಮಕ್ಕಳು. ಗೆಟಿಸ್‌ಬರ್ಗ್‌ನ ಕರಿಯ ಕುಟುಂಬಗಳು ಸೈನ್ಯ ಬರುವ ಮುಂಚೆಯೇ ಮನೆ ಬಿಟ್ಟು ಓಡಿದವು, ಎಷ್ಟೋ ಜನ ಮತ್ತೆ ಬರಲಿಲ್ಲ. ಲೀಯನ್ನು ಬರೀ ಚತುರ ಸೇನಾನಿ ಎಂದು ಮಾತಾಡುವಾಗ ಇದೂ ಅದೇ ಉಸಿರಿನಲ್ಲಿ ಬರಬೇಕು.

ಇನ್ನು ವಿಕ್ಸ್‌ಬರ್ಗ್. ಮುತ್ತಿಗೆ ನಡೆಯುವಾಗ ಜೂನ್ 7ಕ್ಕೆ ನದಿಯ ಆಚೆ ಮಿಲಿಕೆನ್ಸ್ ಬೆಂಡ್ ಎಂಬಲ್ಲಿ ಉತ್ತರದ ನೆಲೆಯ ಮೇಲೆ ದಕ್ಷಿಣದವರು ಬಿದ್ದರು. ಅಲ್ಲಿ ಹೆಚ್ಚಾಗಿದ್ದವರು ಈಗಷ್ಟೇ ಬಿಡುಗಡೆಯಾಗಿ, ಈಗಷ್ಟೇ ಬಂದೂಕು ಹಿಡಿಯಲು ಕಲಿತ ಕರಿಯ ಸೈನಿಕರು. ಕೈಕೈ ಮಿಲಾಯಿಸಿ ಕಾದಾಡಿ ಜಾಗ ಉಳಿಸಿಕೊಂಡರು. ಮೇ 27ಕ್ಕೆ ಪೋರ್ಟ್ ಹಡ್ಸನ್ ಮೇಲೆ ನುಗ್ಗಿದವರಲ್ಲೂ ಲೂಸಿಯಾನಾದ ಕರಿಯ ರೆಜಿಮೆಂಟ್‌ಗಳಿದ್ದವು. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಸೇನೆಯಲ್ಲಿ ಕೆಲಸ ಮಾಡಿದ ಕರಿಯರ ಸಂಖ್ಯೆ ಸುಮಾರು 1,80,000. ಬಯಲುಸೀಮೆಯವರು ಹೇಳಿದ "ಜಾಗ ತುಂಬುವ ಶಕ್ತಿ"ಯಲ್ಲಿ ದೊಡ್ಡ ಪಾಲು ಇವರದು. ಅವರು ದಕ್ಷಿಣದ ಹೊಲ ಬಿಟ್ಟು ಬಂದದ್ದರಿಂದ ಆ ಕಡೆಯ ದುಡಿಮೆಯೂ ಹೋಯಿತು. ಒಂದು ಕಡೆ ಕಳೆ, ಇನ್ನೊಂದು ಕಡೆ ಕೂಡು. ಯಾವ ಒಂದು ಕಾಳಗವೂ ಇಷ್ಟು ಮಾಡಲಿಲ್ಲ.

ಅರಳಿಕಟ್ಟೆ:
ಸುಗ್ಗಿಯವರ ಮಾತು ಪೂರ್ತಿ ಒಪ್ಪುತ್ತೇನೆ. ಅವರೆಲ್ಲ ಸೇನೆಗೆ ಸೇರುವ ದಾರಿಯನ್ನು ಅಗಲವಾಗಿ ತೆರೆದದ್ದು ಜನವರಿ 1ರ ಘೋಷಣೆ. ಅದಕ್ಕೆ ದಾರಿ ಮಾಡಿದ್ದು ಆಂಟೀಟಮ್.

ಸುಗ್ಗಿ:
ಘೋಷಣೆಗೂ ಮುಂಚೆ ಅವರು ತಾವಾಗಿಯೇ ತೋಟ ಬಿಟ್ಟು ಉತ್ತರದ ಶಿಬಿರಗಳಿಗೆ ಬರುತ್ತಿದ್ದರು ಸರ್, 1861ರಿಂದಲೇ. ಅವರು ಬಂದು ಬಾಗಿಲು ತಟ್ಟಿದ್ದರಿಂದಲೇ ವಾಷಿಂಗ್ಟನ್ ಕಾನೂನು ಬದಲಾಯಿಸಬೇಕಾಯಿತು. ಲಿಂಕನ್‌ಗೆ ಮರ್ಯಾದೆ ಕೊಡೋಣ, ಅವರಿಗೂ ಕೊಡೋಣ.

ಪೊಟೋಮ್ಯಾಕ್‌ದಂಡೆ:
ಗೆಟಿಸ್‌ಬರ್ಗ್ ಯಾಕೆ ಇಷ್ಟು ಪ್ರಸಿದ್ಧ ಅಂದರೆ ಕಾರಣಗಳು ಕಾಳಗದ ಹೊರಗೂ ಇವೆ. ಪೂರ್ವದ ದೊಡ್ಡ ಪತ್ರಿಕೆಗಳಿಗೆ ಹತ್ತಿರದ ಜಾಗ. ನವೆಂಬರ್ 19ಕ್ಕೆ ಅಲ್ಲಿನ ಸ್ಮಶಾನದಲ್ಲಿ ಲಿಂಕನ್ ಮಾಡಿದ ಭಾಷಣ. ಅವತ್ತಿನ ಮುಖ್ಯ ಭಾಷಣಕಾರ ಎವರೆಟ್ ಎರಡು ಗಂಟೆ ಮಾತಾಡಿದ, ಲಿಂಕನ್ ಸುಮಾರು 270 ಪದಗಳಲ್ಲಿ ಮುಗಿಸಿದ. ಯುದ್ಧದ ನಂತರ ದಕ್ಷಿಣದ ಜನರಲ್‌ಗಳು ಲೀಯ ಹೆಸರು ಉಳಿಸಲು ಸೋಲಿನ ಹೊಣೆಯನ್ನು ಅವನ ಕೈಕೆಳಗಿನ ಜನರಲ್ ಲಾಂಗ್‌ಸ್ಟ್ರೀಟ್ ತಲೆಗೆ ಕಟ್ಟಿದರು. ಇನ್ನೇನು ಗೆಲ್ಲುತ್ತಿದ್ದೆವು ಎಂಬ ಕಥೆಗೆ ಗೆಟಿಸ್‌ಬರ್ಗ್ ಹೊಂದುತ್ತಿತ್ತು. ವಿಕ್ಸ್‌ಬರ್ಗ್‌ನಲ್ಲಿ ಅಂಥ ಕಥೆ ಕಟ್ಟಲು ಜಾಗವಿರಲಿಲ್ಲ.

ಇನ್ನೊಂದು ಮಾತು. ಗೆಟಿಸ್‌ಬರ್ಗ್ ನಿರ್ಣಾಯಕವಾಗುವ ಅವಕಾಶ ಜುಲೈ 3ರ ನಂತರವೂ ಇತ್ತು. ಲೀ ಮಳೆಯಲ್ಲಿ ಹಿಂದೆ ಸರಿದ. ಗಾಯಾಳುಗಳ ಗಾಡಿಗಳ ಸಾಲು 17 ಮೈಲಿ ಉದ್ದ ಇತ್ತಂತೆ. ಪೊಟೋಮ್ಯಾಕ್ ನದಿ ಉಕ್ಕಿ ಹರಿಯುತ್ತಿತ್ತು, ದೋಣಿ ಸೇತುವೆ ಮುರಿದಿತ್ತು. ಸುಮಾರು ಒಂದು ವಾರ ಲೀ ನದಿಗೆ ಬೆನ್ನು ಕೊಟ್ಟು ಸಿಕ್ಕಿಬಿದ್ದಿದ್ದ. ಮೀಡ್ ಬಂದ, ಎದುರು ನಿಂತ, ಹೊಡೆಯಲಿಲ್ಲ. ಜುಲೈ 14ಕ್ಕೆ ಲೀ ದಾಟಿಹೋದ. ಲಿಂಕನ್ ಕೋಪದಲ್ಲಿ ಮೀಡ್‌ಗೆ ಪತ್ರ ಬರೆದು, ಆಮೇಲೆ ಕಳಿಸದೆ ಇಟ್ಟುಕೊಂಡ.

ಬಯಲುಸೀಮೆ:
ಮೀಡ್ ಬಗ್ಗೆ ಈ ಮಾತು ನನಗೆ ನೋವು ತರುತ್ತದೆ. ಅವನು ಅಧಿಕಾರಕ್ಕೆ ಬಂದು ಎರಡು ವಾರ. 23,000 ಜನ ಹೋಗಿದ್ದಾರೆ. ಅವನ ಜನರಲ್‌ಗಳಲ್ಲಿ ರೇನಾಲ್ಡ್ಸ್ ಸತ್ತಿದ್ದಾನೆ, ಹ್ಯಾನ್‌ಕಾಕ್ ಮತ್ತು ಸಿಕಲ್ಸ್ ಗಾಯಗೊಂಡಿದ್ದಾರೆ. ಎದುರಿಗೆ ಲೀ ಗಟ್ಟಿ ಮಣ್ಣಿನ ಗೋಡೆ ಎಬ್ಬಿಸಿಕೊಂಡಿದ್ದಾನೆ. ಅಲ್ಲಿ ನುಗ್ಗಿದ್ದರೆ ಪಿಕೆಟ್‌ನ ದಾಳಿಯೇ ತಿರುಗುಮುರುಗು ಆಗುತ್ತಿತ್ತು.

ವಿಕ್ಸ್‌ಬರ್ಗ್ ಪಕ್ಷದವರಿಗೆ ಇನ್ನೊಂದು ಪ್ರಶ್ನೆ. ಆ 29,500 ಜನರನ್ನು ಗ್ರಾಂಟ್ ಸೆರೆಮನೆಗೆ ಕಳಿಸಲಿಲ್ಲ. ಮತ್ತೆ ಆಯುಧ ಹಿಡಿಯುವುದಿಲ್ಲ ಎಂದು ಬರೆಸಿಕೊಂಡು ಮನೆಗೆ ಬಿಟ್ಟ. ಅವರಲ್ಲಿ ಬಹಳಷ್ಟು ಜನ ಅದೇ ವರ್ಷ ಚಟನೂಗದಲ್ಲಿ ಮತ್ತೆ ಎದುರಾದರು. ಹಾಗಾದರೆ ಸೈನ್ಯ ಪೂರ್ತಿ ಇಲ್ಲವಾಯಿತು ಎನ್ನುವುದು ಹೇಗೆ?

ನಕಾಶೆಪ್ರಿಯ:
ಕೆಲವರು ಮರಳಿದರು, ನಿಜ. ಎಷ್ಟೋ ಜನ ಮನೆ ಸೇರಿ ಮತ್ತೆ ಬರಲೇ ಇಲ್ಲ. ಅಷ್ಟು ಜನರನ್ನು ಹಡಗಿನಲ್ಲಿ ಉತ್ತರಕ್ಕೆ ಸಾಗಿಸಲು ತಿಂಗಳುಗಟ್ಟಲೆ ಬೇಕಿತ್ತು, ಗ್ರಾಂಟ್ ಆ ಲೆಕ್ಕ ಹಾಕಿದ. ಆದರೆ ಫಿರಂಗಿ ಮರಳಲಿಲ್ಲ, ಸುಮಾರು 60,000 ಬಂದೂಕು ಮರಳಲಿಲ್ಲ, ನದಿ ಮರಳಲಿಲ್ಲ. ಮೆಕ್ಸಿಕೋ ಗಡಿಯ ಮೂಲಕ ಬರುತ್ತಿದ್ದ ಸರಕು, ಟೆಕ್ಸಾಸ್‌ನ ದನ, ಎಲ್ಲಕ್ಕೂ ದಾರಿ ಕಡಿದುಹೋಯಿತು. ಗೆದ್ದ ಗ್ರಾಂಟ್ 1864ರ ಮಾರ್ಚ್‌ನಲ್ಲಿ ಎಲ್ಲ ಸೇನೆಗಳ ಮುಖ್ಯಸ್ಥನಾದ. ಅಟ್ಲಾಂಟಾಕ್ಕೆ ಶೆರ್ಮನ್‌ನನ್ನು ಕಳಿಸಿದವನೂ ಅವನೇ.

ಈಗ ನಾನು ಮುಖ್ಯ ಅಂದುಕೊಂಡದ್ದು. ಇವೆರಡನ್ನೂ ಬೇರೆ ಬೇರೆ ಕಾಳಗ ಎಂದು ತೂಗುವುದೇ ಸರಿಯಲ್ಲ ಅನಿಸುತ್ತದೆ. 1863ರ ಮೇ ತಿಂಗಳಲ್ಲಿ ದಕ್ಷಿಣದವರ ರಾಜಧಾನಿ ರಿಚ್ಮಂಡ್‌ನಲ್ಲಿ ದಕ್ಷಿಣದ ಅಧ್ಯಕ್ಷ ಡೇವಿಸ್ ಮತ್ತು ಯುದ್ಧಮಂತ್ರಿ ಸೆಡನ್ ಒಂದು ಪ್ರಶ್ನೆ ಎದುರಿಸಿದರು: ಲೀಯ ಸೈನ್ಯದಿಂದ ಒಂದಷ್ಟು ತೆಗೆದು ಪಶ್ಚಿಮಕ್ಕೆ ಕಳಿಸಿ ವಿಕ್ಸ್‌ಬರ್ಗ್ ಉಳಿಸೋಣವೇ? ಲೀ ಬೇಡ ಎಂದ. ಬದಲಿಗೆ ಪೆನ್ಸಿಲ್ವೇನಿಯಾಕ್ಕೆ ಹೋಗುತ್ತೇನೆ ಎಂದ. ಮಂತ್ರಿಗಳಲ್ಲಿ ಟೆಕ್ಸಾಸ್‌ನ ರೇಗನ್ ವಿರೋಧಿಸಿದ. ನದಿಯಾಚೆಯವನಿಗೆ ಅದರ ಬೆಲೆ ಗೊತ್ತಿತ್ತು. ಅವನ ಮಾತು ನಡೆಯಲಿಲ್ಲ. ಆ ಒಂದು ನಿರ್ಧಾರದಿಂದಲೇ ಗೆಟಿಸ್‌ಬರ್ಗ್ ಆಯಿತು, ವಿಕ್ಸ್‌ಬರ್ಗ್ ಕೈಬಿಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಲಾಂಗ್‌ಸ್ಟ್ರೀಟ್‌ನನ್ನು ರೈಲಿನಲ್ಲಿ ಪಶ್ಚಿಮಕ್ಕೆ ಕಳಿಸಿದರು, ಚಿಕಮಾಗಾದಲ್ಲಿ ಗೆದ್ದರು. ಅದನ್ನೇ ನಾಲ್ಕು ತಿಂಗಳ ಮುಂಚೆ ಮಾಡಬಹುದಿತ್ತು.

ಬಯಲುಸೀಮೆ:
ಆ ಹೋಲಿಕೆ ನಿಲ್ಲುವುದಿಲ್ಲ. ಚಿಕಮಾಗಾ ಜಾರ್ಜಿಯಾದಲ್ಲಿದೆ. ವಿಕ್ಸ್‌ಬರ್ಗ್ ಇನ್ನೂ ಎಷ್ಟೋ ದೂರ, ಹೋಗುವ ರೈಲು ಜಾಕ್ಸನ್ ಮೂಲಕ. ನೀವೇ ಮೊದಲು ಬರೆದಿರಿ, ಗ್ರಾಂಟ್ ಮೇ 14ಕ್ಕೆ ಜಾಕ್ಸನ್ ಹಿಡಿದು ಹಳಿ ಕಿತ್ತ ಎಂದು. ಲೀ ರಿಚ್ಮಂಡ್‌ಗೆ ಮಾತುಕತೆಗೆ ಬಂದದ್ದೇ ಆ ಹೊತ್ತಿಗೆ. ದಕ್ಷಿಣದ ಜನರಲ್ ಜಾನ್ಸ್ಟನ್ ಮೇ 13ರ ಸಂಜೆ ಜಾಕ್ಸನ್‌ಗೆ ಇಳಿದು, ನಾನು ಬಂದದ್ದು ತಡವಾಯಿತು ಎಂದು ತಂತಿ ಕಳಿಸಿದ್ದ. ಅವನೇ ತಡ ಎಂದ ಮೇಲೆ ವರ್ಜೀನಿಯಾದಿಂದ ಹೊರಡುವವರು ಹೇಗೆ ಮುಟ್ಟುತ್ತಿದ್ದರು?

ನಕಾಶೆಪ್ರಿಯ:
ಕೋಟೆಯೊಳಗೆ ಮುಟ್ಟಬೇಕಿರಲಿಲ್ಲ. ಜಾನ್ಸ್ಟನ್ ಹತ್ತಿರ ಜೂನ್‌ನಲ್ಲಿ ಸುಮಾರು 30,000 ಜನ ಸೇರಿದ್ದರು. ಗ್ರಾಂಟ್‌ನ ಬೆನ್ನಿಗೆ ಬೀಳಲು ಅವನಿಗೆ ಧೈರ್ಯ ಸಾಲಲಿಲ್ಲ. ಸೆಡನ್ ಲೀಯನ್ನು ಪಿಕೆಟ್‌ನ ಡಿವಿಷನ್ ಕೊಡು ಎಂದು ಕೇಳಿದ್ದು ಮೇ 9ಕ್ಕೆ, ಜಾಕ್ಸನ್ ಬೀಳುವ ಮುಂಚೆ. ಆಗ ನಾಕ್ಸ್‌ವಿಲ್ ಮೂಲಕ ಹೋಗುವ ಹತ್ತಿರದ ರೈಲು ದಾರಿ ಇನ್ನೂ ದಕ್ಷಿಣದವರ ಕೈಯಲ್ಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಲಾಂಗ್‌ಸ್ಟ್ರೀಟ್ ಸುತ್ತಿ ಬಳಸಿ ಹೋಗಬೇಕಾದದ್ದು ಆ ದಾರಿ ಅಷ್ಟರಲ್ಲಿ ಉತ್ತರದವರ ಪಾಲಾಗಿದ್ದರಿಂದ. ಲೀ ಕೊಡುವುದಿಲ್ಲ ಎಂದ. ಜುಲೈ 3ಕ್ಕೆ ಆ ಬಯಲಿನಲ್ಲಿ ನಡೆದು ಸತ್ತದ್ದು ಅದೇ ಪಿಕೆಟ್‌ನ ಡಿವಿಷನ್.